ಐವತ್ತು ಕಳೆಯುವ ಲೆಕ್ಕ

1

ಈ ಕಥೆಯನ್ನು ಎಲ್ಲಿಂದ ಪ್ರಾರಂಭಿಸಬೇಕು ಎಂಬ ಪ್ರಶ್ನೆಗೆ ಮೂರು ಉತ್ತರ ಬರೆದು ಮೂರನ್ನೂ ಹೊಡೆದುಹಾಕಿದ್ದೇನೆ. ಹೊಡೆದುಹಾಕಿದ್ದನ್ನು ಓದುಗರ ಮುಂದೆ ಹರಡುವುದು ಸಭ್ಯತೆಯಲ್ಲ. ಆದರೆ ಕ್ರಮ ತೋರಿಸದೆ ಉತ್ತರವನ್ನಷ್ಟೇ ಬರೆದವನಿಗೆ ಅರ್ಧ ಅಂಕವೂ ಸಲ್ಲದು. ಆದ್ದರಿಂದ ಕ್ರಮ ತೋರಿಸುತ್ತೇನೆ.

ಮೊದಲ ಆರಂಭ: "ಪರದೆ ಕಪ್ಪಾಯಿತು." ಇದನ್ನು ಓದಿದವರು ಯಾರೋ ಸತ್ತರೆಂದು ಭಾವಿಸುತ್ತಾರೆ. ಯಾರೂ ಸತ್ತಿಲ್ಲ. (ಒಬ್ಬರು ಸತ್ತಿದ್ದಾರೆ, ಅದು ಐದು ವರ್ಷದ ಹಿಂದೆ. ಸರದಿ ಬಂದಾಗ ಹೇಳುತ್ತೇನೆ.)

ಎರಡನೆಯ ಆರಂಭ: "ಗ್ರಾಫಿಕ್ಸ್ ಕಾರ್ಡ್ ಎಂದರೆ ಕಂಪ್ಯೂಟರಿನ ಹೊಟ್ಟೆಯೊಳಗೆ ಕುಳಿತು ಪರದೆಯ ಚಿತ್ರವನ್ನು ಸೆಕೆಂಡಿಗೆ ಹತ್ತಾರು ಸಲ ಬರೆದು ಅಳಿಸುವ ಹಲಗೆ. ತಯಾರಿಸಿದವರು ಅದಕ್ಕೊಂದು ವೇಗ ಗೊತ್ತುಮಾಡಿ ಕಳಿಸಿರುತ್ತಾರೆ. ಅದನ್ನು ಮೀರಿ ಓಡಿಸುವುದಕ್ಕೆ ಓವರ್‌ಕ್ಲಾಕ್ ಎನ್ನುತ್ತಾರೆ. ಅತಿಯಾಗಿ ಓಡಿಸಿದರೆ ಕಾರ್ಡು ತಡವರಿಸುತ್ತದೆ, ಆಟ ನಡುವೆಯೇ ಬಿದ್ದುಹೋಗುತ್ತದೆ." ಇದು ಪಠ್ಯಪುಸ್ತಕದಂತಿದೆ ಎಂದು ಹೊಡೆದುಹಾಕಿದೆ. ಆದರೆ ನೀವು ಓದಿಬಿಟ್ಟಿರಿ, ನನ್ನ ಕೆಲಸವಾಯಿತು.

ಮೂರನೆಯ ಆರಂಭ: "ಒಂದು ಊರಿನಲ್ಲಿ ಇಬ್ಬರು ಅಕ್ಕತಂಗಿಯರಿದ್ದರು." ಇದರಲ್ಲಿ ಎರಡು ತಪ್ಪು. ಅವರು ಒಂದು ಊರಿನಲ್ಲಿಲ್ಲ. ಮತ್ತು "ಇದ್ದರು" ಎಂದು ಇಬ್ಬರನ್ನೂ ಒಂದೇ ಕ್ರಿಯಾಪದಕ್ಕೆ ಕಟ್ಟಲು ಆಗ ಇಬ್ಬರೂ ಒಪ್ಪುತ್ತಿರಲಿಲ್ಲ.

ನಾಲ್ಕನೆಯ ಆರಂಭ ನನ್ನ ಬಳಿ ಇಲ್ಲ. ಆದ್ದರಿಂದ ಕಥೆ ಈಗಾಗಲೇ ಆರಂಭವಾಗಿದೆ ಎಂದು ಭಾವಿಸಿಕೊಳ್ಳೋಣ.

2

ಅಕ್ಕನಿಗೆ ಐವತ್ತೆರಡು ವರ್ಷ. ಕನ್ನಡಕದ ಅಂಗಡಿ ಅವಳದು. ಮುಂದಿನ ಕೋಣೆಯಲ್ಲಿ ಫ್ರೇಮುಗಳ ಕಪಾಟು. ಹಿಂದಿನ ಕೋಣೆಯಲ್ಲಿ ಕಣ್ಣು ನೋಡುವ ಕುರ್ಚಿ, ಅಕ್ಷರದ ಫಲಕ, ಗಾಜು ಉಜ್ಜುವ ಯಂತ್ರ. ಅಂಗಡಿ ಅಪ್ಪನಿಂದ ಬಂದದ್ದು. ಮರದ ಪೆಟ್ಟಿಗೆಯೂ ಅಪ್ಪನಿಂದಲೇ ಬಂದದ್ದು. ಅದರೊಳಗೆ ಪರೀಕ್ಷೆಯ ಗಾಜುಗಳು, ಎಡಗಡೆ ಪ್ಲಸ್, ಬಲಗಡೆ ಮೈನಸ್. ಒಂದು ನಿಯಮವೂ ಅಪ್ಪನಿಂದ ಬಂತು: ಒಂದು ಸಲಕ್ಕೆ ಒಂದೇ ಗಾಜು. ಎರಡು ಗಾಜು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಯಾಯಿತೆಂದು ದೇವರಿಗೂ ತಿಳಿಯದು.

ಆ ಅಂಗಡಿಯ ಇನ್ನೊಂದು ಅಭ್ಯಾಸವನ್ನು ಹೇಳಬೇಕು. ಅಲ್ಲಿ ಬಾಯಿಯ ಲೆಕ್ಕ ಬೇರೆ, ಕೈಯ ಲೆಕ್ಕ ಬೇರೆ. ಅಪ್ಪ ಕುರ್ಚಿಯ ಪಕ್ಕದಲ್ಲಿ ನಿಂತು "ಮೈನಸ್ ಐವತ್ತು" ಎಂದು ಕೂಗಿದರೆ, ಮೇಜಿನ ಬಳಿ ಕುಳಿತ ಮಗಳು ಚೀಟಿಯಲ್ಲಿ 0.50 ಎಂದು ಬರೆಯಬೇಕು. ಐವತ್ತೆಂದರೆ ಅರ್ಧ, ಇಪ್ಪತ್ತೈದೆಂದರೆ ಕಾಲು. ಸೊನ್ನೆಯನ್ನೂ ಚುಕ್ಕಿಯನ್ನೂ ಬಾಯಿ ಹೇಳುವುದಿಲ್ಲ, ಕೈ ಬಿಡುವುದಿಲ್ಲ. ಇಬ್ಬರು ಹೆಣ್ಣುಮಕ್ಕಳೂ ಶಾಲೆಯಲ್ಲಿ ದಶಮಾಂಶ ಕಲಿಯುವ ಮೊದಲೇ ಇದನ್ನು ಕಲಿತರು. (ಕೂಡುವಾಗ ದಶಕವನ್ನು ಕೈಯಲ್ಲಿ ಉಳಿಸಿಕೊಳ್ಳುವಂತೆ ಈ ಮಾತನ್ನು ಉಳಿಸಿಕೊಳ್ಳಿ. ಮರೆತರೆ ಮುಂದಿನ ಸಾಲು ತಪ್ಪುತ್ತದೆ.)

ತಂಗಿ ನಾಲ್ಕು ವರ್ಷ ಚಿಕ್ಕವಳು. ಬೇರೆ ಊರಿನ ಬಸ್ ಡಿಪೋದಲ್ಲಿ ವೇಳಾಪಟ್ಟಿ ಮಾಡುತ್ತಾಳೆ. ಎಂಟು ಹತ್ತರ ಬಸ್ಸು ಎಂಟು ಹನ್ನೊಂದಕ್ಕೆ ಹೊರಟರೆ ಅವಳಿಗೆ ಊಟ ಸೇರುವುದಿಲ್ಲ.

ನಾಲ್ಕು ವರ್ಷದ ಹಿಂದೆ ತಂಗಿಯ ಮನೆಯ ಅಡುಗೆಮನೆಯಲ್ಲಿ ಜಗಳವಾಯಿತು. ಅಕ್ಕ ಎದ್ದು ಹೋದಳು.

2 (ತಿದ್ದಿದ್ದು)

"ತಂಗಿಯ ಮನೆ ಅಲ್ಲ. ನನ್ನ ಮನೆ."

ಹೀಗೆ ತಕರಾರು ತೆಗೆದವಳು ಅಕ್ಕ. ಜಗಳವಾಡಿದವರು ತಮ್ಮ ಮನೆಯನ್ನೇ ಬಿಟ್ಟು ಎದ್ದು ಹೋಗುತ್ತಾರೆಯೇ, ಯಾವ ಓದುಗ ನಂಬುತ್ತಾನೆ, ಅದಕ್ಕೇ ಬದಲಾಯಿಸಿದೆ ಎಂದು ವಿವರಿಸಿದೆ.

"ನಂಬದಿದ್ರೆ ಬಿಡಲಿ. ನಾನು ನನ್ನ ಮನೆಯಿಂದಾನೇ ಎದ್ದು ಹೋದೆ. ಅವಳ ಬಸ್ಸು ಹೋಗೋ ತನಕ ಬೀದಿ ಸುತ್ತಿದೆ. ನಾನು ಅರ್ಧ ಕುಡಿದಿದ್ದ ಕಾಫಿ ಲೋಟ ಕೂಡ ಒಲೆ ಪಕ್ಕಾನೇ ಇತ್ತು."

ಸರಿ. ಅಕ್ಕನ ಮನೆ. ಲೋಟ ಒಲೆಯ ಪಕ್ಕದಲ್ಲಿ. ತಂಗಿ ಹೇಳುತ್ತಿದ್ದ ವಾಕ್ಯ ಇದು: "ಅಪ್ಪನ ಕಣ್ಣು ಹೋಗಿದ್ದು ನಿನ್ನಿಂದ".

ಇಷ್ಟು ಕೇಳಿ ಅಕ್ಕ ಎದ್ದಳು.

ಕೊನೆಯ ಎರಡು ವರ್ಷ ಅಪ್ಪನಿಗೆ ಪಕ್ಕದಲ್ಲಿರುವುದು ಕಾಣುತ್ತಿರಲಿಲ್ಲ. ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಳ್ಳುತ್ತಿದ್ದರು. ಅಕ್ಕ ಪ್ರತಿ ಆರು ತಿಂಗಳಿಗೊಮ್ಮೆ ಅವರನ್ನು ಕುರ್ಚಿಯಲ್ಲಿ ಕೂರಿಸಿ "ನಂಬರ್ ಬದಲಾಗಿದೆ ಅಷ್ಟೇ" ಎಂದು ಹೊಸ ಗಾಜು ಹಾಕಿದಳು. ನಂಬರು ಬದಲಾಗಿರಲಿಲ್ಲ. ಕಣ್ಣಿನೊಳಗಿನ ಒತ್ತಡ ಏರಿತ್ತು, ಅದಕ್ಕೆ ಆ ಮರದ ಪೆಟ್ಟಿಗೆಯಲ್ಲಿ ಗಾಜಿಲ್ಲ. ಡಾಕ್ಟರ ಬಳಿ ಹೋಗುವ ಹೊತ್ತಿಗೆ ತಡವಾಗಿತ್ತು. ಅಪ್ಪ ಆಮೇಲೆ ಮೂರು ವರ್ಷ ಬದುಕಿದರು. ಅಂಗಡಿಯ ಷಟರ್ ಎತ್ತುವ ಸದ್ದಿನಿಂದ ಬೆಳಗನ್ನು ತಿಳಿಯುತ್ತಿದ್ದರು.

("ಕೊನೆಯ ಎರಡು ವರ್ಷ" ಎಂದೆ, ಆಮೇಲೆ ಮೂರು ವರ್ಷ ಬದುಕಿದರು ಎಂದೆ. ನೋಟದ ಕೊನೆಯ ಎರಡು ವರ್ಷ ಎಂದಾಗಬೇಕಿತ್ತು. ತಪ್ಪು ನನ್ನದು. ತಿದ್ದದೆ ಬಿಟ್ಟಿದ್ದೇನೆ, ಲೆಕ್ಕ ಬಲ್ಲೆನೆನ್ನುವವರೂ ತಪ್ಪುತ್ತಾರೆ ಎಂಬುದಕ್ಕೆ ಸಾಕ್ಷಿ ಇರಲಿ.)

ನಮ್ಮ ಭಾಷೆಯ ಒಂದು ಗುಣ ಎಲ್ಲರಿಗೂ ಗೊತ್ತು, ಗಮನಿಸುವವರು ಕಡಿಮೆ. ಹೌದೋ ಅಲ್ಲವೋ ಎಂಬುದು ವಾಕ್ಯದ ಬಾಲದಲ್ಲಿ ಕುಳಿತಿರುತ್ತದೆ. "ಅಪ್ಪನ ಕಣ್ಣು ಹೋಗಿದ್ದು ನಿನ್ನಿಂದ" ಎಂಬಲ್ಲಿಗೇ ನಿಂತರೆ ಅದು ಆರೋಪ. "ನಿನ್ನಿಂದ ಅಲ್ಲ" ಎಂದು ಮುಗಿದರೆ ಸಮಾಧಾನ. "ನಿನ್ನಿಂದ ಅಂತ ಜನ ಅಂದ್ರೂ ನಾನು ಅನ್ನಲ್ಲ" ಎಂದೂ ಮುಗಿಯಬಹುದು. ಅಕ್ಕ ಬಾಲ ಬರುವ ಮೊದಲೇ ಎದ್ದಳು, ಏಕೆಂದರೆ ಬಾಲವನ್ನು ಅವಳೇ ಮೊದಲೇ ಬರೆದಿಟ್ಟುಕೊಂಡಿದ್ದಳು. ನಾಲ್ಕು ವರ್ಷದಿಂದ ಆ ವಾಕ್ಯ ಹಾಗೇ ನಿಂತಿದೆ. ಅವಳು ಕೇಳಲಿಲ್ಲ, ತಂಗಿ ಹೇಳಲಿಲ್ಲ.

ಈ ಕಥೆಯಲ್ಲಿ ಸಿಗಬೇಕಾದದ್ದು ಅಷ್ಟೇ: ಒಂದು ವಾಕ್ಯದ ಬಾಲ. ಉಳಿದದ್ದೆಲ್ಲ ಯಂತ್ರದ ರಗಳೆ.

3

ಯಂತ್ರದ ರಗಳೆ ಹೀಗೆ.

ಅತ್ತೆಯ ಮಗಳೊಬ್ಬಳು, ಇವರಿಬ್ಬರೂ ಮಾತು ಬಿಟ್ಟಿದ್ದಾರೆಂದು ತಿಳಿಯದೆ, ಇಬ್ಬರನ್ನೂ ಒಂದು ಕಂಪ್ಯೂಟರ್ ಆಟಕ್ಕೆ ಎಳೆದಳು. ಎರಡು ತಿಂಗಳಲ್ಲಿ ಅವಳಿಗೆ ಬೇಸರವಾಗಿ ಬಿಟ್ಟಳು. ಇವರು ಬಿಡಲಿಲ್ಲ. ಯಾರು ಮೊದಲು ಬಿಟ್ಟರೂ ಸೋತಂತೆ ಎಂಬುದೇ ಮೊದಲ ಕಾರಣವಿರಬೇಕು.

ಆಟದಲ್ಲಿ ಒಂದು ನದಿ, ಒಂದು ಸರಕಿನ ದೋಣಿ. ತಂಗಿಗೆ ಚುಕ್ಕಾಣಿ, ಅಕ್ಕನಿಗೆ ಎಂಜಿನ್ನು. ಒಬ್ಬರೇ ಆಡಿದರೆ ದೋಣಿ ಮೊದಲ ಸೇತುವೆಯನ್ನೂ ದಾಟದು. ಪ್ರತಿ ಭಾನುವಾರ ಮಧ್ಯಾಹ್ನ ಮೂರಕ್ಕೆ ಇಬ್ಬರೂ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಿದ್ದರು. ಮಾತು ದೋಣಿಯಷ್ಟೇ.

"ಎಡಕ್ಕೆ."

"ಹೂಂ."

"ವೇಗ ಇಳಿಸು."

"ಇಳಿಸಿದೆ."

ನಾಲ್ಕು ವರ್ಷದ ಮೌನಕ್ಕೆ ಹೋಲಿಸಿದರೆ ಇದು ಭಾಷಣ.

ಮೂರನೆಯ ಸೇತುವೆಯ ಬಳಿ ನದಿ ಅಗಲವಾಗುತ್ತದೆ. ನೀರೇ ದೋಣಿಯನ್ನು ಒಯ್ಯುತ್ತದೆ. ಎರಡು ನಿಮಿಷ ಯಾರಿಗೂ ಕೆಲಸವಿಲ್ಲ. ಸೇತುವೆಯ ಉದ್ದಕ್ಕೂ ದೀಪಗಳು, ನೀರಿನಲ್ಲಿ ಅವುಗಳ ನಡುಗುವ ಪ್ರತಿಬಿಂಬ, ಮೇಲೊಂದು ಮಂಜು. ಇಡೀ ಆಟದಲ್ಲಿ ಕಾರ್ಡಿಗೆ ಅತ್ಯಂತ ಹೆಚ್ಚು ದುಡಿಮೆಯ ಜಾಗ ಅದೇ, ಮನುಷ್ಯರಿಗೆ ಅತ್ಯಂತ ಕಡಿಮೆ ದುಡಿಮೆಯ ಜಾಗವೂ ಅದೇ. ಕೈಗೆ ಕೆಲಸವಿಲ್ಲದಾಗ ಬಾಯಿ ತೆರೆಯುತ್ತದೆ.

ಒಂದು ಭಾನುವಾರ ತಂಗಿ ಅಲ್ಲಿ ಹೇಳಿದಳು: "ನೀನು ಯಾವಾಗ್ಲೂ ತಡ ಅಕ್ಕ."

ಅವಳು ಹೇಳಿದ್ದು ಎಂಜಿನ್ನಿನ ವಿಷಯ. ಅಕ್ಕನ ಹಳೆಯ ಕಂಪ್ಯೂಟರಿನಲ್ಲಿ ಚಿತ್ರ ಕುಂಟುತ್ತಿತ್ತು, ವೇಗ ಇಳಿಸುವುದು ನಿಜವಾಗಿಯೂ ತಡವಾಗುತ್ತಿತ್ತು. ಆದರೆ ಅಕ್ಕನ ಕಿವಿಗೆ ಆ ಪದ ಎಂಜಿನ್ನಿಗೆ ಹೇಳಿದಂತೆ ಬೀಳಲಿಲ್ಲ. ಡಾಕ್ಟರೂ ಅದೇ ಪದ ಹೇಳಿದ್ದರು.

ಮರುದಿನ ಅಂಗಡಿ ಮುಚ್ಚಿ ಬಂದವಳು ಕಾಫಿಯನ್ನೂ ಕುಡಿಯದೆ ಕಂಪ್ಯೂಟರಿನ ಮುಂದೆ ಕುಳಿತು ಕಾರ್ಡಿನ ವೇಗ ಏರಿಸುವ ಪ್ರೋಗ್ರಾಮೊಂದನ್ನು ಹುಡುಕಿ ಹಾಕಿದಳು. ಅದರಲ್ಲೊಂದು ಚೌಕ, ಚೌಕದಲ್ಲಿ ಸೊನ್ನೆ: ಗೊತ್ತುಮಾಡಿದ ವೇಗಕ್ಕೆ ಏನೂ ಸೇರಿಸಿಲ್ಲ ಎಂದರ್ಥ. ಯಾರೋ ಅಪರಿಚಿತ "ನಾನು +150 ಹಾಕಿದೆ, ಹಾರುತ್ತಿದೆ" ಎಂದು ಎಲ್ಲೋ ಬರೆದದ್ದನ್ನು ಓದಿ ಅವಳೂ 150 ಒತ್ತಿದಳು. ಸೆಕೆಂಡಿಗೆ ನಲವತ್ತು ಚಿತ್ರ ಬರುತ್ತಿದ್ದದ್ದು ನಲವತ್ತನಾಲ್ಕಾಯಿತು. ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗಿಕೊಂಡಿತು.

ಪಕ್ಕದ ಕುರ್ಚಿಯಲ್ಲಿ ಪದಬಂಧ ತುಂಬುತ್ತಿದ್ದ ಗಂಡ, ನೀರಿನ ಮೀಟರ್ ಓದುವ ಕೆಲಸದವನು, ತಲೆಯೆತ್ತಿದ.

"ಮಿಕ್ಸಿ ಹಾಕಿದ್ಯಾ?"

"ಇಲ್ಲ."

"ಹಾಗಾದ್ರೆ ಏನದು ಸದ್ದು?"

"ವೇಗ."

4

ಮುಂದಿನ ಭಾನುವಾರ. ಮೂರನೆಯ ಸೇತುವೆ. ಅಕ್ಕನ ಎಂಜಿನ್ನು ತಡವಾಗಲಿಲ್ಲ. ತಂಗಿ ಗಂಟಲು ಸರಿಮಾಡಿಕೊಂಡು ಹೇಳಿದಳು:

"ಅಕ್ಕಾ, ಅವತ್ತು ನಾನು ಹೇಳಿದ್ದು"

ದ್ದು ದ್ದು ದ್ದು ದ್ದು ಎಂದು ಹೊಲಿಗೆ ಯಂತ್ರ ಒಂದೇ ಕಡೆ ಸಿಕ್ಕಿಕೊಂಡಂತೆ ಧ್ವನಿ ತೊದಲಿತು. ಪರದೆ ಕಪ್ಪಾಯಿತು. (ಮೊದಲ ಆರಂಭ ಇಲ್ಲಿಗೆ ಸರಿಹೊಂದಿತು. ಏನನ್ನೂ ವ್ಯರ್ಥ ಮಾಡಬಾರದು.) ಬೆಳಕು ಮರಳಿದಾಗ ಆಟವಿರಲಿಲ್ಲ, ಮೂಲೆಯಲ್ಲಿ ಒಂದು ಚೀಟಿ: ಡಿಸ್‌ಪ್ಲೇ ಡ್ರೈವರ್ ಪ್ರತಿಕ್ರಿಯಿಸಲಿಲ್ಲ, ಈಗ ಚೇತರಿಸಿಕೊಂಡಿದೆ.

ಚೇತರಿಸಿಕೊಂಡದ್ದು ಅದೊಂದೇ.

ತಂಗಿಯ ಪರದೆಯಲ್ಲಿ ಆ ಹೊತ್ತಿಗೆ ಬೇರೊಂದು ಸಾಲು ಮೂಡಿತ್ತು: "ನಿಮ್ಮ ಜೊತೆಗಾರರು ದೋಣಿಯಿಂದ ಇಳಿದು ಹೋದರು."

ಈ ಸಾಲನ್ನು ಬರೆದ ಪುಣ್ಯಾತ್ಮ ಯಾರೋ ನನಗೆ ಗೊತ್ತಿಲ್ಲ. ಇಳಿದು ಹೋದವರಿಗೂ ಬಿದ್ದು ಹೋದವರಿಗೂ ಒಂದೇ ವಾಕ್ಯ ಬರೆದು, ಸಂಬಳ ಎಣಿಸಿಕೊಂಡು ಮನೆಗೆ ಹೋಗಿದ್ದಾನೆ.

ಎರಡನೆಯ ಭಾನುವಾರವೂ ಅದೇ ಸೇತುವೆ, ಅದೇ "ಅವತ್ತು ನಾನು", ಅದೇ ಕಪ್ಪು. ಅರ್ಧ ಗಂಟೆಯ ಮೇಲೆ ಆಟದ ಚಾಟಿನಲ್ಲಿ ತಂಗಿ ಬರೆದಳು: "ಬೇಕಂತಲೇ ಹೋಗ್ತಿದ್ದೀಯ ಅಲ್ವಾ."

"ಕಂಪ್ಯೂಟರ್ ಕೆಟ್ಟಿದೆ."

"ನಾನು ಬಾಯಿ ತೆಗೆದಾಗ ಮಾತ್ರ ಕೆಡುತ್ತಾ?"

ನಿಜ, ಆಗ ಮಾತ್ರವೇ ಕೆಡುತ್ತಿತ್ತು.

5

ರಿಪೇರಿಯವನು ಬಂದ. ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡೇ ಮಾತಾಡುವ ಮನುಷ್ಯ. ಧೂಳು ಊದಿದ. ತಂತಿಗಳನ್ನು ತೆಗೆದು ಮತ್ತೆ ಚುಚ್ಚಿದ. ಕಾರ್ಡನ್ನು ನಡೆಸುವ ಪ್ರೋಗ್ರಾಮಾದ ಡ್ರೈವರನ್ನು ಅಳಿಸಿ ಹೊಸದು ಹಾಕಿದ. ಹತ್ತು ನಿಮಿಷ ಕಾರ್ಡಿಗೆ ಪರೀಕ್ಷೆ ಕೊಟ್ಟ; ಅದು ನೂರಕ್ಕೆ ನೂರು ತೆಗೆಯಿತು. (ಪರೀಕ್ಷೆಯಲ್ಲಿ ಪಾಸಾಗಿ ಭಾನುವಾರ ಫೇಲಾಗುವ ಪೈಕಿ.)

"ಮೇಡಂ, ಏನಾದ್ರೂ ಏರಿಸಿದ್ದೀರಾ?"

"ಇಲ್ಲ."

ಇಲ್ಲಿ ನಾನು ನಡುವೆ ಬರಬೇಕಾಯಿತು. ಸುಳ್ಳು ಹೇಳಿದರೆ ಪುಟ ಹೆಚ್ಚುತ್ತದೆ, ನಿಜ ಹೇಳಿ, ಈ ಪ್ಯಾರಾದಲ್ಲೇ ಮುಗಿಸೋಣ ಎಂದೆ.

"ನೀವು ಬರೆಯೋ ಕೆಲಸ ನೋಡ್ಕೊಳ್ಳಿ," ಎಂದಳು ಅಕ್ಕ.

"ಬರೆಯುವುದು ಏನನ್ನು? ಧೂಳು ಊದುವುದನ್ನೇ?"

"ಏರಿಸಿದ್ದು ಯಾಕೆ ಅಂತ ಅವನು ಕೇಳ್ತಾನೆ. ಆಮೇಲೆ ನಾನೇನು ಹೇಳ್ಲಿ, ತಂಗಿ ನನ್ನ ತಡ ಅಂದ್ಳು ಅಂತಾನಾ?"

ಗಂಡ ಪದಬಂಧದಿಂದ ಹೇಳಿದ: "ನನಗೂ ಒಂದು ಮಾತು ಕೊಡಿ ಸಾರ್. ಎರಡು ಪುಟದಿಂದ ಮಿಕ್ಸಿ ಬಿಟ್ರೆ ಏನೂ ಮಾತಾಡಿಲ್ಲ ನಾನು." ಕೊಟ್ಟೆ. ಅವನು ರಿಪೇರಿಯವನ ಕಡೆ ತಿರುಗಿ ಹೇಳಿದ: "ಏರಿಸಿದ್ದಾಳೆ ಕಣಪ್ಪ. ನೂರೈವತ್ತು."

ಕೊಟ್ಟದ್ದು ಸಾರ್ಥಕವಾಯಿತು.

ರಿಪೇರಿಯವನು ಸ್ಕ್ರೂ ಉಗುಳಿ ಅಂಗೈಗೆ ಹಾಕಿಕೊಂಡ. "ಅಷ್ಟೇ ತಾನೇ. ಒಂದೇ ಸಲ ಸೊನ್ನೆಗೆ ತನ್ನಿ."

"ಬೇಡ. ಒಂದು ಸಲಕ್ಕೆ ಒಂದೇ ಮೆಟ್ಟಿಲು. ಎಲ್ಲಿಗೆ ಸರಿಹೋಗುತ್ತೆ ಅಂತ ಗೊತ್ತಾಗಬೇಕು."

ನಿಯಮವೆಂದಳು, ನಿಯಮವೂ ಹೌದು. ಒಂದೇ ಏಟಿಗೆ ಸೊನ್ನೆಗಿಳಿದರೆ "ನಾನು ತಡ" ಎಂದು ಒಪ್ಪಿದಂತೆ ಎಂಬುದೂ ಹೌದು.

"ಹಾಗಾದ್ರೆ ವಾರಕ್ಕೊಂದು ಐವತ್ತು ಇಳಿಸ್ತಾ ಬನ್ನಿ," ಎಂದ ಅವನು, ಚಪ್ಪಲಿ ಹಾಕಿಕೊಳ್ಳುತ್ತ, ಬಾಗಿಲ ಹೊರಗಿನಿಂದ. "ಐವತ್ತು ಇಳಿಸಿ, ಆಡಿ ನೋಡಿ, ನನಗೆ ಫೋನ್ ಮಾಡಿ."

ಬಾಯಿಂದ ಬಂದ ಐವತ್ತು. ಮೇಜಿನ ಬಳಿ ಕುಳಿತ ಮಗಳು. ಕೈ ತಾನಾಗಿಯೇ ನೋಟುಪುಸ್ತಕದಲ್ಲಿ ಬರೆಯಿತು: 0.50.

5.50

ದಶಕವನ್ನು ಕೈಯಲ್ಲಿ ಉಳಿಸಿಕೊಂಡವರಿಗೆ ಈಗ ಕೋಪ ಬಂದಿರಬೇಕು. ನನಗೂ ಬಂತು.

ಅವಳು 150ರಿಂದ 0.50 ಕಳೆದು, ಚೌಕದಲ್ಲಿ 149.50 ಎಂದು ಒತ್ತಿದಳು. ಪ್ರೋಗ್ರಾಮು ಚುಕ್ಕಿಯ ನಂತರದ್ದನ್ನು ನುಂಗಿ 149 ಎಂದು ತೋರಿಸಿತು. ಮೂರನೆಯ ಭಾನುವಾರ ಆಟ ಬಿದ್ದಿತು. ಮತ್ತೊಂದು 0.50 ಕಳೆದಳು: 149. ನಾಲ್ಕನೆಯ ಭಾನುವಾರ ಬಿದ್ದಿತು. ಮತ್ತೊಂದು ಕಳೆದಳು: 148.50, ಚೌಕದಲ್ಲಿ 148. ಐದನೆಯ ಭಾನುವಾರ ಬಿದ್ದಿತು. ಮೂರು ವಾರದಲ್ಲಿ ಒಟ್ಟು ಕಳೆದದ್ದು ಒಂದೂವರೆ. ಕಳೆಯಬೇಕಾದದ್ದು ನೂರೈವತ್ತು. ನೂರರಲ್ಲಿ ಒಂದು ಪಾಲು.

ಪ್ರತಿ ಸೋಮವಾರ ಫೋನ್.

"ಐವತ್ತು ಇಳಿಸಿದ್ರಾ ಮೇಡಂ?"

"ಐವತ್ತು ಇಳಿಸಿದೆ."

ಇಬ್ಬರೂ ಒಂದೇ ಪದ ಹೇಳಿದರು, ಇಬ್ಬರೂ ನಿಜವನ್ನೇ ಹೇಳಿದರು. ಇಂಥ ತಪ್ಪನ್ನು ಹಿಡಿಯುವುದು ಹೇಗೆ? ಮೂರನೆಯ ಸೋಮವಾರ ಅವನು, "ನೂರೈವತ್ತೂ ಕಳೆದಾಯ್ತು ಅಂದ್ರೆ ಕಾರ್ಡಿಗೇನೂ ತಪ್ಪಿಲ್ಲ. ಪವರ್ ಸಪ್ಲೈ ಇರಬೇಕು, ಇಲ್ಲಾ ಮದರ್‌ಬೋರ್ಡೇ ಹೋಗಿರಬೇಕು," ಎಂದು ಇಡೀ ಯಂತ್ರಕ್ಕೇ ಕೈಮುಗಿದ.

ನಾನು ಕೂಗಿಕೊಂಡೆ. ಚೌಕ ನೋಡಮ್ಮ, ಚೌಕದಲ್ಲಿ 148 ಇದೆ, ಸೊನ್ನೆಯಿಲ್ಲ. ಆದರೆ ಬರೆಯುವವನ ಕೂಗು ಬರೆಸಿಕೊಂಡವರಿಗೆ ಬೇಕೆಂದಾಗ ಮಾತ್ರ ಕೇಳಿಸುತ್ತದೆ. ಕಾಲು ನಂಬರ್ ಕಡಿಮೆ ಮಾಡಿದರೆ ಒಬ್ಬ ಮನುಷ್ಯನ ಬೀದಿಯೇ ನೇರವಾಗುವುದನ್ನು ಅವಳು ಮೂವತ್ತು ವರ್ಷ ನೋಡಿದ್ದಾಳೆ. ಅವಳ ಪಾಲಿಗೆ ಅರ್ಧ ಎಂದರೆ ದೊಡ್ಡ ಇಳಿಕೆ.

(ಅಥವಾ 148 ಕಣ್ಣಿಗೆ ಬಿದ್ದರೂ, ಹೆಚ್ಚು ಇಳಿಯಲಿಲ್ಲವಲ್ಲ ಎಂದು ಒಳಗೊಳಗೇ ಹಗುರವಾದಳೋ. ತಪ್ಪೋ ಹಟವೋ ಎಂದು ನೇರವಾಗಿ ಕೇಳಿದೆ. "ಎರಡೂ ಅಂತ ಬರೀರಿ. ಇಲ್ಲಾ ಯಾವುದೂ ಬರೀಬೇಡಿ," ಎಂದಳು. ಎರಡನ್ನೂ ಬರೆದಿದ್ದೇನೆ.)

ಐದನೆಯ ಸಲ ಬಿದ್ದ ಮೇಲೆ ತಂಗಿಯ ಚಾಟು ಚುಟುಕಾಗಿತ್ತು. "ಐದು ಸಲ ಹೇಳೋಕೆ ಹೋದೆ. ಐದು ಸಲ ನೀನು ಎದ್ದು ಹೋದೆ. ಇನ್ನೊಂದೇ ಸಲ ಬರ್ತೀನಿ. ಆಮೇಲೆ ಆಡಲ್ಲ ನಾನು."

6

"ಫೋನ್ ಇದೆಯಲ್ಲ," ಎಂದ ಗಂಡ. "ಫೋನಲ್ಲೇ ಕೇಳಬಾರದಾ?"

ಇದನ್ನು ಓದುಗರಾದ ನೀವು ಎರಡನೆಯ ಪುಟದಲ್ಲೇ ಕೇಳಬೇಕೆಂದಿದ್ದಿರಿ, ನನಗೆ ಗೊತ್ತು. ನಾನೂ ಕೇಳಿದ್ದೆ. ಉತ್ತರ ಬಂದದ್ದು ಈಗ.

"ಫೋನಲ್ಲಿ ಯಾರು ಬೇಕಾದ್ರೂ ಇಡಬಹುದು. ದೋಣಿ ನಡುನೀರಲ್ಲಿದ್ರೆ ಇಬ್ಬರೂ ಏಳೋ ಹಾಗಿಲ್ಲ."

ಆದರೂ ಅವಳು ಫೋನ್ ತೆಗೆದುಕೊಂಡಳು. ನಾಲ್ಕು ವರ್ಷದಿಂದ ಅಳಿಸದೆ ಇಟ್ಟಿದ್ದ ನಂಬರಿಗೆ, ನೋಟುಪುಸ್ತಕದ ಪುಟದ ಫೋಟೋ ಕಳಿಸಿದಳು. ಐದು ಭಾನುವಾರಗಳ ದಿನಾಂಕ, ಧೂಳು, ಡ್ರೈವರ್, ಕಳೆದದ್ದು. ಕೆಳಗೆ ಬರೆದಳು: "ನಾನು ಎದ್ದು ಹೋಗಿಲ್ಲ. ಯಂತ್ರ ಬಿದ್ದಿದೆ. ಬೇಕಾದ್ರೆ ಲೆಕ್ಕ ನೋಡು."

ಇಪ್ಪತ್ತು ನಿಮಿಷ ಏನೂ ಬರಲಿಲ್ಲ. ಅಕ್ಕ ಮೇಜು ಒರೆಸಿದಳು. ಒರೆಸಿದ ಮೇಜನ್ನೇ ಮತ್ತೆ ಒರೆಸಿದಳು.

"ಕಳೆದದ್ದು 0.50 ಅಂತ ಯಾಕೆ ಬರೆದಿದ್ದೀಯ?"

"ಐವತ್ತು ಅಂದ್ರು."

"ಯಾರು, ಅಪ್ಪನಾ?"

ಅಕ್ಕ ಆ ಸಾಲನ್ನು ಓದಿ ಫೋನನ್ನು ಮಡಿಲಲ್ಲಿಟ್ಟುಕೊಂಡಳು. ಆಮೇಲೆ ಎತ್ತಿಕೊಂಡು ಬರೆದಳು: "ರಿಪೇರಿಯವನು."

"ರಿಪೇರಿಯವನಿಗೆ ಐವತ್ತು ಅಂದ್ರೆ ಐವತ್ತು. ಅರ್ಧ ಅಲ್ಲ. ಇದು ಕನ್ನಡಕ ಅಲ್ಲ ತಾಯಿ."

ಅಕ್ಕ ಚೌಕ ನೋಡಿದಳು. 148. ಮೊದಲ ಸಲ ಆ ಅಂಕಿಯನ್ನು ಅಂಕಿಯಾಗಿ ಓದಿದಳು.

ತಂಗಿ ಮತ್ತೆ ಬರೆದಳು: "ನನಗೂ ಹೋಗಿಲ್ಲ ಬಿಡು ಆ ಚಾಳಿ. ಡಿಪೋದಲ್ಲಿ ಯಾರಾದ್ರೂ ಐವತ್ತು ಅಂತ ಕೂಗಿದ್ರೆ ಈಗ್ಲೂ ನನ್ನ ಕೈ ಮೊದ್ಲು ಸೊನ್ನೆ ಹಾಕುತ್ತೆ." ಸ್ವಲ್ಪ ಹೊತ್ತಿನ ಮೇಲೆ: "ಅದ್ಸರಿ, ಏರಿಸಿದ್ದಾದ್ರೂ ಯಾಕೆ?"

"ನೀನು ತಡ ಅಂದೆ."

"ದೋಣಿಗೆ ಅಂದೆ."

"ಗೊತ್ತು."

ಒಂದು ನಿಮಿಷ ಬಿಟ್ಟು ಅಕ್ಕ ಅದರ ಕೆಳಗೆ ಇನ್ನೊಂದು ಸಾಲು ಹಾಕಿದಳು: "ಗೊತ್ತಿರಲಿಲ್ಲ."

"ಭಾನುವಾರ ಮೂರಕ್ಕೆ. ಸೊನ್ನೆ ಹಾಕ್ಕೊಂಡು ಬಾ."

"ಸೊನ್ನೆ ಹಾಕಿದ್ರೆ ನಾನು ಮತ್ತೆ ತಡ ಆಗ್ತೀನಿ."

"ಆಗು. ಕಾಯ್ತೀನಿ."

7

ಇಲ್ಲಿಂದ ಮುಂದೆ ಕಥೆಯನ್ನು ಮುಗಿಸುವ ಹೊಣೆ ನನ್ನದು. ನನಗೆ ಅದರ ಮೇಲೆ ಬೇಸರವೇ ಹೆಚ್ಚು. ಆದರೂ ಪ್ರಯತ್ನಿಸಿದ್ದೇನೆ.

ಮುಕ್ತಾಯ ಅ: ಸೊನ್ನೆ ಹಾಕುತ್ತಾಳೆ, ಆಟ ಬೀಳುವುದಿಲ್ಲ, ತಂಗಿ "ಅಲ್ಲ" ಎನ್ನುತ್ತಾಳೆ, ಇಬ್ಬರೂ ಅಳುತ್ತಾರೆ, ಸೇತುವೆಯ ದೀಪಗಳು ಮಂಜಾಗುತ್ತವೆ. ಹೊಡೆದುಹಾಕಿದೆ. ಮಂಜು ಆಟದಲ್ಲಿ ಮೊದಲೇ ಇತ್ತು. ಅದನ್ನು ಕಣ್ಣೀರಿನ ಖಾತೆಗೆ ಬರೆಯುವುದು ಮೋಸ.

ಮುಕ್ತಾಯ ಆ: ಸೊನ್ನೆ ಹಾಕಿದರೂ ಆಟ ಬೀಳುತ್ತದೆ, ಮದರ್‌ಬೋರ್ಡು ನಿಜವಾಗಿಯೂ ಹೋಗಿರುತ್ತದೆ, ತಂಗಿ ಮತ್ತೆ ಬರುವುದಿಲ್ಲ. ಇದನ್ನು ಅಕ್ಕನಿಗೆ ಓದಿ ಹೇಳಿದೆ. "ಹಾಗೇನಾದ್ರೂ ಬರೆದ್ರೆ ನಿಮ್ಮ ಮುಂದಿನ ಕನ್ನಡಕ ಬೇರೆ ಅಂಗಡೀಲಿ ಮಾಡಿಸ್ಕೊಳ್ಳಿ," ಎಂದಳು. ಹೊಡೆದುಹಾಕಿದೆ.

ಮುಕ್ತಾಯ ಇ: ತಂಗಿ ವಾಕ್ಯ ಮುಗಿಸುತ್ತಾಳೆ, ಅದರ ಬಾಲ "ಹೌದು" ಎಂದಿರುತ್ತದೆ. ಅಕ್ಕ ಕೇಳಿಸಿಕೊಳ್ಳುತ್ತಾಳೆ. ಆಮೇಲೂ ಎಂಜಿನ್ನು ನೋಡಿಕೊಳ್ಳುತ್ತಾಳೆ. ಇದನ್ನು ಹೊಡೆದುಹಾಕಲು ಪೆನ್ನು ಎತ್ತಿದೆ. ಹೊಡೆಯಲಿಲ್ಲ. ಒಪ್ಪಲೂ ಇಲ್ಲ.

ಗಂಡನೂ ಒಂದು ಮುಕ್ತಾಯ ಕೊಟ್ಟ. ಅದರಲ್ಲಿ ಅವನ ಪದಬಂಧ ಪೂರ್ತಿಯಾಗುತ್ತದೆ. ಅದನ್ನು ಬದಿಗಿಟ್ಟೆ.

7ರ ನಂತರ

ಭಾನುವಾರ. ಎರಡು ಐವತ್ತೈದಕ್ಕೆ ಅಕ್ಕ ಚೌಕದಲ್ಲಿದ್ದ 148ನ್ನು ಅಳಿಸಿ 0 ಒತ್ತಿದಳು. ಚುಕ್ಕಿಯಿಲ್ಲದ ಸೊನ್ನೆ. ಫ್ಯಾನಿನ ಸದ್ದು ಎಷ್ಟು ಇಳಿಯಿತೆಂದರೆ ಗಂಡ ಕರೆಂಟು ಹೋಯಿತೇ ಎಂದು ತಲೆಯೆತ್ತಿ ನೋಡಿದ.

ಮೊದಲ ಸೇತುವೆ. "ಎಡಕ್ಕೆ." "ಹೂಂ." ಎರಡನೆಯ ಸೇತುವೆ. "ವೇಗ ಇಳಿಸು." ಇಳಿಸಿದಳು, ತಡವಾಯಿತು, ದೋಣಿಯ ಮಗ್ಗುಲು ಕಂಬಕ್ಕೆ ಉಜ್ಜಿತು. ತಂಗಿ ಚುಕ್ಕಾಣಿ ತಿರುಗಿಸಿ, ದೋಣಿ ಬಿಡಿಸಿಕೊಳ್ಳುವವರೆಗೆ ಕಾದಳು.

ಮೂರನೆಯ ಸೇತುವೆ ಬಂತು. ದೀಪಗಳು, ನೀರಿನಲ್ಲಿ ದೀಪಗಳು, ಮಂಜು. ಚಿತ್ರ ಕುಂಟಿತು, ನಲವತ್ತಕ್ಕೂ ಕೆಳಗಿಳಿಯಿತು, ಆದರೆ ನಿಲ್ಲಲಿಲ್ಲ. ಅಕ್ಕ ಕುರ್ಚಿಯ ಎರಡೂ ತೋಳುಗಳನ್ನು ಹಿಡಿದುಕೊಂಡಿದ್ದಳು, ಕಣ್ಣು ಪರೀಕ್ಷೆಗೆ ಮೊದಲ ಸಲ ಬಂದವರು ಹಿಡಿದುಕೊಳ್ಳುವಂತೆ.

"ಇದ್ದೀಯಾ?" ಎಂದಳು ತಂಗಿ.

"ಇದ್ದೀನಿ."

"ಅವತ್ತು ನಾನು ಹೇಳಿದ್ದು..."

ಧ್ವನಿ ತೊದಲಲಿಲ್ಲ. ಪರದೆ ಬೆಳಗುತ್ತಲೇ ಇತ್ತು. ಗಂಡ ಪೆನ್ಸಿಲ್ಲು ಕೆಳಗಿಟ್ಟ.

ನಾನೂ ಕಿವಿಗೊಟ್ಟೆ. ಅಕ್ಕ ಪರದೆಯಿಂದ ಕಣ್ಣು ಕೀಳದೆ, ಹೆಡ್‌ಫೋನಿನ ಮೈಕನ್ನು ಅಂಗೈಯಿಂದ ಮುಚ್ಚಿ, ನನಗೆ ಹೇಳಿದಳು: "ನೀವು ಏಳಿ. ಇದು ನನಗೆ ಬಂದಿರೋ ಮಾತು."

ಸಾವಿರದೈನೂರಕ್ಕೂ ಮಿಕ್ಕಿ ಪದ ಬರೆದವನಿಗೆ ಬಾಲವಾದರೂ ಸಿಗಬೇಕು ಎಂದು ವಾದಿಸಬಹುದಿತ್ತು. ಆದರೆ ಅವಳ ಕೈ ಮೈಕಿನಿಂದ ಆಗಲೇ ಸರಿದಿತ್ತು. ತಂಗಿ ಹೇಳುತ್ತಿದ್ದಳು, "ಅಪ್ಪನ ಕಣ್ಣು ಹೋಗಿದ್ದು ನಿನ್ನಿಂದ", ಅಷ್ಟರಲ್ಲಿ ನಾನು ಎದ್ದೆ.

ಈ ಸಲ ಎದ್ದು ಹೋದವನು ನಾನು. ಅಕ್ಕ ಕೂತಿದ್ದಾಳೆ